ಕಾಂಡಿಮೆಂಟ್ಸ್ ಅಂಗಡಿಗೆ ಸೈಟ್ ಮಾಡಿಸಿ ಹತ್ತು ತಿಂಗಳಾಯಿತು, ಬಂದ ಆರ್ಡರ್ ಒಂಬತ್ತು. ಎಲ್ಲಿ ತಪ್ಪಾಗಿದೆ?

ಶ್ರೀನಗರದ_ಕುರುಕಲು

ಎಲ್ಲರಿಗೂ ನಮಸ್ಕಾರ. ಬೆಂಗಳೂರಿನ ಶ್ರೀನಗರದಲ್ಲಿ ನಮ್ಮದೊಂದು ಕಾಂಡಿಮೆಂಟ್ಸ್ ಅಂಗಡಿ ಇದೆ. ಅಪ್ಪ 1991ರಲ್ಲಿ ಶುರು ಮಾಡಿದ್ದು. ಹುಳಿಪುಡಿ, ಸಾರಿನಪುಡಿ, ಚಟ್ನಿಪುಡಿ, ಚಕ್ಕುಲಿ, ಕೋಡುಬಳೆ, ನಿಪ್ಪಟ್ಟು, ಹಪ್ಪಳ, ಸಂಡಿಗೆ. ಎಲ್ಲ ಅಂಗಡಿಯ ಹಿಂದಿನ ಅಡುಗೆಮನೆಯಲ್ಲೇ ಆಗುತ್ತದೆ. ಅಮ್ಮನ ಜೊತೆ ನಾಲ್ಕು ಜನ ಹೆಂಗಸರು ಇದ್ದಾರೆ. ಎರಡು ವರ್ಷದಿಂದ ಗಲ್ಲಾ, ಲೆಕ್ಕ ನಾನು ನೋಡಿಕೊಳ್ಳುತ್ತಿದ್ದೇನೆ.

ಹೋದ ವರ್ಷ ಗೌರಿ ಹಬ್ಬಕ್ಕೆ ಮುಂಚೆ 42,000 ರೂಪಾಯಿ ಕೊಟ್ಟು ವೆಬ್‌ಸೈಟ್ ಮಾಡಿಸಿದೆವು. ನೋಡಲು ತುಂಬಾ ಚೆನ್ನಾಗಿದೆ. ತೆಗೆದ ಕೂಡಲೇ ಎಣ್ಣೆಯಲ್ಲಿ ಚಕ್ಕುಲಿ ಬೇಯುವ ವಿಡಿಯೊ ಬರುತ್ತದೆ. ಮನೆಗೆ ಬಂದ ನೆಂಟರಿಗೆಲ್ಲ ಅಪ್ಪ ಅದನ್ನು ತೋರಿಸಿದರು. ಪ್ಯಾಕೆಟ್ ಮೇಲೆಲ್ಲ ಸೈಟ್ ಹೆಸರು ಅಚ್ಚು ಹಾಕಿಸಿದೆವು. ಹತ್ತು ತಿಂಗಳಲ್ಲಿ ಬಂದ ಆರ್ಡರ್ 9. ಅದರಲ್ಲಿ 3 ನಮ್ಮ ಸಂಬಂಧಿಕರದ್ದೇ.

ಫೋನ್ ಮಾತ್ರ ದಿನಕ್ಕೆ 25, 30 ಬರುತ್ತವೆ. "ಭಾನುವಾರ ತೆಗೆದಿರ್ತೀರಾ?" "ಹುಳಿಪುಡಿ ಕಾಲು ಕೆಜಿ ಎಷ್ಟು?" "ಶ್ರೀನಗರ ಬಸ್‌ಸ್ಟಾಂಡ್‌ನಿಂದ ಯಾವ ಕಡೆ ಬರಬೇಕು?" ಸೈಟ್‌ನಲ್ಲಿ ನೋಡಿ ಅಂದರೆ "ನೋಡ್ದೆ ಕಣಮ್ಮಾ, ಸಿಗ್ಲಿಲ್ಲ" ಅನ್ನುತ್ತಾರೆ. ಒಂದು ಕೈಯಲ್ಲಿ ತಕ್ಕಡಿ, ಇನ್ನೊಂದು ಕೈಯಲ್ಲಿ ಫೋನ್. ಎದುರಿಗೆ ನಿಂತ ಗಿರಾಕಿ ಕಾಯುತ್ತಿರುತ್ತಾರೆ. ತುಂಬಾ ಕಷ್ಟವಾಗುತ್ತಿದೆ.

ಸೈಟ್ ಮಾಡಿಕೊಟ್ಟವರನ್ನು ಕೇಳಿದೆ. ತಿಂಗಳಿಗೆ 15,000 ರೂಪಾಯಿ ಜಾಹೀರಾತಿಗೆ ಹಾಕಿ, ಜನ ಬರುತ್ತಾರೆ ಅಂದರು. ಅಪ್ಪ ಒಪ್ಪುತ್ತಿಲ್ಲ. ನನಗೂ ಮನಸ್ಸಿಲ್ಲ. ಈ ಸಲದ ಗೌರಿ ಗಣೇಶಕ್ಕೆ ಇನ್ನು ಒಂದೂವರೆ ತಿಂಗಳಿದೆ. ಅಷ್ಟರಲ್ಲಿ ಸರಿ ಮಾಡಬಹುದಾ? ತಿಳಿದವರು ದಯವಿಟ್ಟು ಹೇಳಿ. ಲಿಂಕ್ ಬೇಕಾದವರಿಗೆ ಮೆಸೇಜ್‌ನಲ್ಲಿ ಕಳಿಸುತ್ತೇನೆ.

ಪುಟ_ಕಟ್ಟುವವಳು

ಜಾಹೀರಾತಿಗೆ ಈಗ ಒಂದು ರೂಪಾಯಿಯನ್ನೂ ಹಾಕಬೇಡಿ. ನೀವು ಕಳಿಸಿದ ಲಿಂಕ್ ಪೂರ್ತಿ ನೋಡಿದೆ. ಹನ್ನೊಂದು ವರ್ಷದಿಂದ ಇದೇ ನನ್ನ ಕೆಲಸ. ಚಿಕ್ಕಪೇಟೆ, ಬಳೇಪೇಟೆ, ವಿಜಯನಗರದ ಅಂಗಡಿಗಳೇ ಜಾಸ್ತಿ. ನಿಮ್ಮ ಸೈಟ್‌ನಲ್ಲಿ ಇರುವ ತಪ್ಪುಗಳನ್ನು ನಾನು ಹತ್ತಾರು ಅಂಗಡಿಗಳಲ್ಲಿ ನೋಡಿದ್ದೇನೆ. ಎಲ್ಲವನ್ನೂ ಸರಿ ಮಾಡಬಹುದು, ಹೆದರಬೇಡಿ.

ನಾನು ಲ್ಯಾಪ್‌ಟಾಪ್‌ನಲ್ಲಿ ನೋಡಲಿಲ್ಲ. ಇದಕ್ಕೆಂದೇ ಇಟ್ಟುಕೊಂಡಿರುವ 8,000 ರೂಪಾಯಿಯ ಹಳೇ ಫೋನ್ ಇದೆ. ವೈಫೈ ಆಫ್ ಮಾಡಿ, ಸಂಜೆ ವಿಜಯನಗರ ಮೆಟ್ರೊ ಸ್ಟೇಷನ್ ಕೆಳಗೆ ನಿಂತು ತೆಗೆದೆ. ನಿಮ್ಮ ಗಿರಾಕಿಗಳು ನೋಡುವುದು ಹಾಗೇ ಅಲ್ವಾ? ಭುಜದ ಮೇಲೆ ಬ್ಯಾಗ್, ಒಂದು ಕೈಯಲ್ಲಿ ತರಕಾರಿ, ಎದುರಿಗೆ ಆಟೋದವರು "ಎಲ್ಲಿಗೆ ಮೇಡಂ" ಅನ್ನುತ್ತಿರುತ್ತಾರೆ.

ಲಿಂಕ್ ಒತ್ತಿ ಎಣಿಸಿದೆ. ಹನ್ನೊಂದರವರೆಗೆ ಬರೀ ಬಿಳಿ ಪರದೆ. ಆಮೇಲೆ ವಿಡಿಯೊ ಅರ್ಧ ಬಂದು ನಿಂತಿತು. ಆ ವಿಡಿಯೊ 38 ಎಂಬಿ ಇದೆ. ಕೆಳಗಿರುವ ಚಕ್ಕುಲಿ ಫೋಟೊ 6000 ಪಿಕ್ಸೆಲ್ ಅಗಲ, 4000 ಪಿಕ್ಸೆಲ್ ಎತ್ತರ, 7 ಎಂಬಿ. ಕ್ಯಾಮೆರಾದಿಂದ ಬಂದದ್ದನ್ನು ಹಾಗೇ ಏರಿಸಿಬಿಟ್ಟಿದ್ದಾರೆ. ನಮ್ಮ ಫೋನ್ ಪರದೆಯ ಅಗಲ ಸಾಮಾನ್ಯವಾಗಿ 1080 ಪಿಕ್ಸೆಲ್ ಆಸುಪಾಸು. ಅಂಗೈಯಷ್ಟು ಜಾಗದಲ್ಲಿ ಕಾಣುವ ಚಿತ್ರಕ್ಕೆ ಗೋಡೆಗೆ ಅಂಟಿಸುವ ಪೋಸ್ಟರ್‌ನಷ್ಟು ಡೇಟಾ ಹರಿಯುತ್ತಿದೆ. ಪುಟದ ಮುಖ್ಯ ಭಾಗ 2.5 ಸೆಕೆಂಡಿನೊಳಗೆ ಕಾಣಬೇಕು ಅನ್ನುವುದು ಗೂಗಲ್ ಇಟ್ಟಿರುವ ಅಳತೆ. ಸ್ಕ್ವೂಶ್ ಅನ್ನುವ ಉಚಿತ ಸೈಟ್ ಇದೆ. ಅದರಲ್ಲಿ ಫೋಟೊದ ಅಗಲವನ್ನು 1200ಕ್ಕೆ ಇಳಿಸಿ, ವೆಬ್‌ಪಿ ಮಾದರಿಯಲ್ಲಿ ಉಳಿಸಿ. 7 ಎಂಬಿಯ ಫೋಟೊ ಇನ್ನೂರು ಕೆಬಿ ಸುತ್ತಮುತ್ತ ಬಂದು ನಿಲ್ಲುತ್ತದೆ. ಕಣ್ಣಿಗೆ ವ್ಯತ್ಯಾಸ ಗೊತ್ತಾಗುವುದಿಲ್ಲ. ವಿಡಿಯೊ ತೆಗೆದರೆ ಅಪ್ಪನಿಗೆ ಬೇಜಾರಾಗಬಹುದು. ತೆಗೆಯಬೇಡಿ, ಪುಟದ ಕೆಳಗೆ ಇಳಿಸಿ. ಒತ್ತಿದವರಿಗೆ ಮಾತ್ರ ಓಡುವ ಹಾಗೆ ಮಾಡಿಸಿ.

ಮುಂದೆ ಹೋದೆ. ಐದು ಸೆಕೆಂಡಿಗೆ ಒಂದು ಪಾಪ್‌ಅಪ್ ಬಂತು. ಇಮೇಲ್ ಕೊಡಿ, ಹೊಸ ಸುದ್ದಿ ಕಳಿಸುತ್ತೇವೆ ಅಂತ. ಮುಚ್ಚುವ ಗುರುತು ಎಳ್ಳಿನಷ್ಟಿದೆ, ಅದೂ ಚಾಟ್ ಗುಂಡಿಯ ಕೆಳಗೆ ಸಿಕ್ಕಿಕೊಂಡಿದೆ. ನಾಲ್ಕನೇ ಸಲಕ್ಕೆ ಮುಚ್ಚಿತು. ಇದನ್ನು ಇವತ್ತೇ ತೆಗೆಸಿ.

ಹುಳಿಪುಡಿ ಹುಡುಕಿದೆ. ಮೆನುವಿನಲ್ಲಿ ಇರುವ ಹೆಸರುಗಳು ಇಂಗ್ಲಿಷಿನಲ್ಲಿ "ನಮ್ಮ ಪಯಣ", "ರುಚಿಯ ಲೋಕ", "ಅನುಭವಿಸಿ" ಅನ್ನುವ ಥರ ಇವೆ. "ರುಚಿಯ ಲೋಕ" ಒತ್ತಿದೆ. ಒಳಗೆ ಹೆರಿಟೇಜ್ ಬ್ಲೆಂಡ್ಸ್ ಅಂತ ಇನ್ನೊಂದು ಬಾಗಿಲು. ಅದರೊಳಗೆ ಹುಳಿಪುಡಿ ಇತ್ತು. ಹುಳಿಪುಡಿ ಬೇಕು ಅಂತ ಬಂದವರ ಕಣ್ಣು ಹುಳಿಪುಡಿ ಅನ್ನುವ ಪದವನ್ನೇ ಹುಡುಕುತ್ತದೆ. ನಿಮ್ಮ ಅಂಗಡಿಯ ಗಾಜಿನ ಡಬ್ಬಿಗಳ ಮೇಲೆ ಅಮ್ಮ ಏನು ಬರೆದು ಅಂಟಿಸಿದ್ದಾರೋ ಅದೇ ಹೆಸರು ಸೈಟ್‌ನಲ್ಲೂ ಇರಲಿ. ಪುಡಿಗಳು, ಕುರುಕಲು ತಿಂಡಿ, ಹಪ್ಪಳ ಸಂಡಿಗೆ. ಮೂರೇ ಸಾಕು.

ಕೊನೆಗೂ ಹುಳಿಪುಡಿ ಸಿಕ್ಕಿತು. ಬೆಲೆಯ ಜಾಗದಲ್ಲಿ "ಬೆಲೆಗಾಗಿ ಸಂಪರ್ಕಿಸಿ" ಅಂತಿದೆ. ನಿಮಗೆ ದಿನವೂ ಬರುವ ಫೋನ್‌ಗಳ ಮೂಲ ಇಲ್ಲೇ ಇದೆ. ಬಳೇಪೇಟೆಯಲ್ಲಿ ಒಬ್ಬ ಯಜಮಾನರಿಗೆ ಸೈಟ್ ಮಾಡಿಕೊಟ್ಟಿದ್ದೆ. ಹಿತ್ತಾಳೆ ಪೂಜಾ ಸಾಮಾನಿನ ಅಂಗಡಿ. ಬೆಲೆ ಹಾಕಲು ಸುತರಾಂ ಒಪ್ಪಲಿಲ್ಲ. ಪಕ್ಕದ ಅಂಗಡಿಯವರು ನೋಡಿಬಿಡುತ್ತಾರೆ ಅಂತ ಭಯ. ನಾನು ಅವರ ಜೊತೆ ಅರ್ಧ ದಿನ ಗಲ್ಲಾ ಪಕ್ಕ ಕೂತೆ. ಪಕ್ಕದ ಅಂಗಡಿಯ ಹುಡುಗ ಎರಡು ಸಲ ಬಂದು "ಅಣ್ಣಾ, ಆರಿಂಚಿನ ದೀಪ ಇವತ್ತು ಎಷ್ಟಕ್ಕೆ ಕೊಡ್ತಿದ್ದೀರಾ" ಅಂತ ಕೇಳಿಕೊಂಡೇ ಹೋದ. ಯಜಮಾನರು ಹೇಳಿದರು ಕೂಡ. ಬೆಲೆ ಗೊತ್ತಿಲ್ಲದೆ ಉಳಿದದ್ದು ಗಿರಾಕಿಗೆ ಮಾತ್ರ. ಮಾರನೇ ವಾರ ಬೆಲೆ ಹಾಕಿದರು. ಬೆಲೆ ಏರಿಳಿತ ಇರುತ್ತದೆ ಅಂದರೆ ಪಕ್ಕದಲ್ಲಿ ತಾರೀಖು ಹಾಕಿ. ಈ ತಿಂಗಳ ಬೆಲೆ ಅಂತ ಬರೆದರೆ ಯಾರೂ ಜಗಳ ಮಾಡುವುದಿಲ್ಲ.

ಇನ್ನು ಫೋನ್ ನಂಬರ್. ಪುಟದ ತಳದಲ್ಲಿ, ಒಂದು ಚಿತ್ರದೊಳಗೆ ಇದೆ. ಒತ್ತಿದರೆ ಕರೆ ಹೋಗುವುದಿಲ್ಲ. ಕಾಪಿ ಕೂಡ ಆಗುವುದಿಲ್ಲ. ಹತ್ತು ಅಂಕಿ ಬಾಯಲ್ಲಿ ಹೇಳಿಕೊಳ್ಳುತ್ತಾ ಡಯಲ್ ಪರದೆಗೆ ಹೋದೆ, ಆರನೇ ಅಂಕಿಗೆ ಮರೆತೆ, ವಾಪಸ್ ಬಂದೆ. ಪುಟ ಮತ್ತೆ ಮೊದಲಿಂದ ಲೋಡ್ ಆಯಿತು. ಇದಕ್ಕೆ ಬೇಕಾಗಿರುವುದು ಒಂದೇ ಒಂದು ಸಾಲಿನ ಕೆಲಸ. ನಂಬರ್ ಅಕ್ಷರದಲ್ಲಿರಲಿ, ಒತ್ತಿದರೆ ಕರೆ ಹೋಗುವ ಲಿಂಕ್ ಇರಲಿ, ಪುಟದ ತಲೆಯಲ್ಲೇ ಇರಲಿ. ಪಕ್ಕದಲ್ಲಿ ವಾಟ್ಸ್ಆಪ್ ಗುಂಡಿ. ಆ ಲಿಂಕ್‌ನಲ್ಲಿ ನಂಬರಿಗೆ ಮುಂಚೆ 91 ಹಾಕಬೇಕು. ಪ್ಲಸ್ ಗುರುತು, ಸೊನ್ನೆ, ಅಡ್ಡಗೆರೆ ಯಾವುದೂ ಬೇಡ.

ಆರ್ಡರ್ ಮಾಡಲು ನೋಡಿದೆ. ಮೊದಲು ಅಕೌಂಟ್ ತೆರೆಯಿರಿ ಅನ್ನುತ್ತದೆ. ಪಾಸ್‌ವರ್ಡ್‌ನಲ್ಲಿ ದೊಡ್ಡಕ್ಷರ ಇರಬೇಕು, ಅಂಕಿ ಇರಬೇಕು. ಕಾಲು ಕೆಜಿ ಚಟ್ನಿಪುಡಿಗೆ ಯಾರು ಇಷ್ಟು ಮಾಡುತ್ತಾರೆ ಹೇಳಿ? ಆ 9 ಜನ ನಿಮ್ಮ ಪುಡಿಯನ್ನು ಎಷ್ಟು ಇಷ್ಟಪಟ್ಟಿರಬೇಕು ಅಂತ ಯೋಚಿಸಿದೆ.

ಎಲ್ಲಕ್ಕಿಂತ ದೊಡ್ಡದು ಇನ್ನೊಂದಿದೆ. ಗೂಗಲ್‌ನಲ್ಲಿ ನಿಮ್ಮ ಅಂಗಡಿಯ ಹೆಸರು ಹಾಕಿ ಹುಡುಕಿದೆ. ಸೈಟ್ ಬರಲೇ ಇಲ್ಲ. ಅನುಮಾನ ಬಂದು ಪುಟದ ಕೋಡ್ ನೋಡಿದೆ. "ನೋಇಂಡೆಕ್ಸ್" ಅನ್ನುವ ಸಾಲು ಇನ್ನೂ ಇದೆ. ಈ ಪುಟವನ್ನು ಹುಡುಕಾಟದಲ್ಲಿ ತೋರಿಸಬೇಡಿ ಅಂತ ಗೂಗಲ್‌ಗೆ ಹೇಳುವ ಸಾಲು ಅದು. ನಿಮ್ಮ ಸೈಟ್ ಮಾಡಿರುವುದು ವರ್ಡ್‌ಪ್ರೆಸ್ ಅನ್ನುವ ತಂತ್ರಾಂಶದಲ್ಲಿ. ಅದರ ಸೆಟ್ಟಿಂಗ್ಸ್‌ನಲ್ಲಿ ರೀಡಿಂಗ್ ಅನ್ನುವ ಪುಟ ತೆಗೆಯಿರಿ. ಸರ್ಚ್ ಇಂಜಿನ್‌ಗಳನ್ನು ತಡೆಯುವ ಒಂದು ಚೌಕ ಇರುತ್ತದೆ. ಕೆಲಸ ನಡೆಯುವಾಗ ಅದಕ್ಕೆ ಟಿಕ್ ಹಾಕಿರುತ್ತಾರೆ, ಮುಗಿದ ಮೇಲೆ ತೆಗೆಯಬೇಕು. ಮರೆತಿದ್ದಾರೆ. ಹತ್ತು ತಿಂಗಳು ನಿಮ್ಮ ಸೈಟ್‌ಗೆ ಬಂದವರೆಲ್ಲ ಪ್ಯಾಕೆಟ್ ಮೇಲಿನ ಹೆಸರು ನೋಡಿ ಬಂದವರೇ. ಟಿಕ್ ತೆಗೆಯಿರಿ, ಆಮೇಲೆ ಸರ್ಚ್ ಕನ್ಸೋಲ್‌ನಲ್ಲಿ ಸೈಟ್ ಸೇರಿಸಿ. ಹುಡುಕಾಟದಲ್ಲಿ ಸೈಟ್ ಹೇಗೆ ಕಾಣುತ್ತಿದೆ ಅಂತ ತೋರಿಸುವ ಗೂಗಲ್‌ನ ಉಚಿತ ಸಾಧನ ಅದು. ಗೂಗಲ್ ಈಗ ಸೈಟ್‌ಗಳನ್ನು ಓದುವುದು ಮೊಬೈಲ್‌ನಲ್ಲಿ ಕಾಣುವ ರೂಪದಲ್ಲೇ. 2016ರಲ್ಲಿ ಹೇಳಿ 2023ರ ಹೊತ್ತಿಗೆ ಆ ಬದಲಾವಣೆ ಮುಗಿಸಿದರು. ಹಾಗಾಗಿ ಲ್ಯಾಪ್‌ಟಾಪ್‌ನಲ್ಲಿ ಎಷ್ಟೇ ಚೆಂದ ಕಂಡರೂ ಮೊಬೈಲ್‌ನಲ್ಲಿ ಸರಿ ಇಲ್ಲದಿದ್ದರೆ ಪ್ರಯೋಜನ ಇಲ್ಲ.

ಈಗ ಒಂದು ಕೆಲಸ ಹೇಳುತ್ತೇನೆ, ದಯವಿಟ್ಟು ಮಾಡಿ. ಒಂದು ನೋಟ್‌ಬುಕ್ ಗಲ್ಲಾ ಹತ್ತಿರ ಇಟ್ಟುಕೊಳ್ಳಿ. ಒಂದು ವಾರ, ಬಂದ ಪ್ರತಿ ಫೋನ್‌ನಲ್ಲಿ ಏನು ಕೇಳಿದರು ಅಂತ ಒಂದೊಂದು ಗೆರೆ ಎಳೆಯಿರಿ. ಯಾವ ಪ್ರಶ್ನೆಗೆ ಗೆರೆ ಜಾಸ್ತಿಯೋ ಅದರ ಉತ್ತರ ಮುಖಪುಟದಲ್ಲಿ ಮೊದಲು ಬರಬೇಕು. ಸೈಟ್ ಮಾಡುವಾಗ ಎಲ್ಲರೂ ಅಂಗಡಿಯವರಿಗೆ ತೋರಿಸಿ "ಹೇಗಿದೆ ಸರ್" ಅಂತ ಕೇಳುತ್ತಾರೆ. ಕೊಳ್ಳುವವರ ಕೈಗೆ ಕೊಟ್ಟು ನೋಡುವುದೇ ಇಲ್ಲ. ನಾನೂ ಶುರುವಿನಲ್ಲಿ ಹಾಗೇ ಮಾಡುತ್ತಿದ್ದೆ. ಚಿಕ್ಕಪೇಟೆಯ ಒಂದು ಸೀರೆ ಅಂಗಡಿಗೆ ಮಾಡಿದ ಸೈಟ್‌ನಲ್ಲಿ ತೆಳು ಬೂದು ಬಣ್ಣದ ಅಕ್ಷರ ಇಟ್ಟಿದ್ದೆ. ಆಗ ಅದು ಚೆಂದ ಅನ್ನಿಸಿತ್ತು. ಒಂದು ದಿನ ಅಂಗಡಿಯಲ್ಲೇ ಕೂತಿದ್ದಾಗ ಒಬ್ಬರು ಅಜ್ಜಿ ಫೋನ್‌ನಲ್ಲಿ ಅದೇ ಸೈಟ್ ತೆಗೆದರು. ಕನ್ನಡಕ ಹಣೆಗೆ ಏರಿಸಿದರು, ಮತ್ತೆ ಇಳಿಸಿದರು. ಫೋನನ್ನು ಬಾಗಿಲ ಬೆಳಕಿಗೆ ಹಿಡಿದರು. ಕೊನೆಗೆ ಅಂಗಡಿ ಹುಡುಗನ ಕೈಗೆ ಕೊಟ್ಟು "ಏನ್ ಬರ್ದಿದೆ ಓದಪ್ಪಾ" ಅಂದರು. ಅವತ್ತು ರಾತ್ರಿಯೇ ಆ ಬಣ್ಣ ಬದಲಾಯಿಸಿದೆ. ಅಕ್ಷರಕ್ಕೂ ಹಿಂದಿನ ಬಣ್ಣಕ್ಕೂ ಹೊಳಪಿನಲ್ಲಿ ಕನಿಷ್ಠ 4.5ಕ್ಕೆ 1ರಷ್ಟು ವ್ಯತ್ಯಾಸ ಇರಬೇಕು ಅನ್ನುವ ನಿಯಮ ನನಗೆ ಓದಿ ಗೊತ್ತಿತ್ತು. ಯಾಕೆ ಬೇಕು ಅನ್ನುವುದು ಆ ಅಜ್ಜಿಯಿಂದ ಗೊತ್ತಾಯಿತು. ನಿಮ್ಮ ಸೈಟ್‌ನಲ್ಲೂ ತಿಂಡಿಗಳ ವಿವರ ಅದೇ ತೆಳು ಬೂದಿಯಲ್ಲಿದೆ.

ಅಕ್ಷರ_ಜೋಡಣೆ

ನಾನು ಸುಲ್ತಾನ್‌ಪೇಟೆಯಲ್ಲಿ ಲಗ್ನಪತ್ರಿಕೆ ಡಿಟಿಪಿ ಮಾಡುವವನು. ಇಪ್ಪತ್ತು ವರ್ಷ ಆಯಿತು. ವೆಬ್ ಕೆಲಸ ನನ್ನದಲ್ಲ, ಕನ್ನಡ ಅಕ್ಷರದ ವಿಷಯ ಮಾತ್ರ ಹೇಳುತ್ತೇನೆ. ನನಗೂ ಲಿಂಕ್ ಕಳಿಸಿದ್ದಕ್ಕೆ ಥ್ಯಾಂಕ್ಸ್ ಅಮ್ಮಾ.

ನಿಮ್ಮ ಅಪ್ಪ ಅಂಗಡಿ ಬಗ್ಗೆ ಬರೆದ ಮಾತು ಬಹಳ ಚೆನ್ನಾಗಿದೆ. ಆದರೆ ಅದನ್ನು ಚಿತ್ರವಾಗಿ ಹಾಕಿದ್ದಾರೆ. ಯಾಕೆ ಅಂತ ಊಹಿಸಬಲ್ಲೆ. ನುಡಿ ಅನ್ನುವ ಕನ್ನಡ ಟೈಪಿಂಗ್ ತಂತ್ರಾಂಶದ ಹಳೇ ಫಾಂಟ್‌ನಲ್ಲಿ ಟೈಪ್ ಮಾಡಿಸಿ ಕೊಟ್ಟಿರುತ್ತೀರಿ. ಅದನ್ನು ಸೈಟ್‌ಗೆ ಅಂಟಿಸಿದರೆ ಇಂಗ್ಲಿಷ್ ಅಕ್ಷರ, ಚಿಹ್ನೆ ಎಲ್ಲ ಕಲಸಿ ಬರುತ್ತದೆ. ಆ ಹಳೇ ಫಾಂಟ್‌ಗಳು ಇಂಗ್ಲಿಷ್ ಅಕ್ಷರಗಳ ಜಾಗದಲ್ಲೇ ಕನ್ನಡದ ಆಕಾರ ಕೂರಿಸಿದ್ದು. ಫಾಂಟ್ ಇಲ್ಲದ ಫೋನ್‌ಗೆ ಅದು ಕನ್ನಡ ಅಂತ ಗೊತ್ತಾಗುವುದಿಲ್ಲ. ಮಾಡಿದವರು ಬೇರೆ ದಾರಿ ಕಾಣದೆ ಫೋಟೊ ತೆಗೆದು ಹಾಕಿದ್ದಾರೆ. ಚಿತ್ರದೊಳಗಿನ ಕನ್ನಡವನ್ನು ನಂಬಿ ಹುಡುಕಾಟದಲ್ಲಿ ಜನ ಬರುತ್ತಾರೆ ಅಂದುಕೊಳ್ಳುವ ಹಾಗಿಲ್ಲ. ಕಣ್ಣು ಕಾಣದವರಿಗೆ ಫೋನ್ ಓದಿ ಹೇಳುತ್ತದಲ್ಲ, ಅದಕ್ಕೂ ಪಠ್ಯ ಬೇಕು. ಎಲ್ಲ ಫೋನ್‌ಗಳಿಗೂ ಅರ್ಥವಾಗುವ ಯೂನಿಕೋಡ್‌ಗೆ ಬದಲಾಯಿಸಿ. ನುಡಿಯಲ್ಲೇ ಆ ಆಯ್ಕೆ ಇದೆ. ಬೇಕಾದರೆ ಕಡತ ಕಳಿಸಿ, ನಾನೇ ಬದಲಾಯಿಸಿ ಕಾಗುಣಿತ ನೋಡಿ ಕೊಡುತ್ತೇನೆ. ದುಡ್ಡು ಬೇಡ.

ಇನ್ನೊಂದು. ಎಲ್ಲೆಲ್ಲಿ ಪಠ್ಯವಾಗಿ ಕನ್ನಡ ಇದೆಯೋ ಅಲ್ಲಿ ಸಾಲಿನ ಅಂತರ ಕಡಿಮೆ ಇದೆ. ಇಂಗ್ಲಿಷ್ ಅಳತೆಗೆ, ಅಕ್ಷರದ ಗಾತ್ರದ 1.2 ಪಟ್ಟು ಇಟ್ಟಿದ್ದಾರೆ. ಇಂಗ್ಲಿಷ್ ಅಕ್ಷರಕ್ಕೆ ಒತ್ತು ಇಲ್ಲ. ನಿಮ್ಮ ತಿಂಡಿಗಳ ಹೆಸರನ್ನೇ ನೋಡಿ. ಚಕ್ಕುಲಿ, ನಿಪ್ಪಟ್ಟು, ಚಟ್ನಿಪುಡಿ, ಹಪ್ಪಳ. ಎಲ್ಲದಕ್ಕೂ ಒತ್ತಿದೆ. ನಿಪ್ಪಟ್ಟಿನ ಎರಡು ಒತ್ತೂ ಕೆಳಗಿನ ಸಾಲಿನ ತಲೆಕಟ್ಟಿಗೆ ತಾಗುತ್ತಿವೆ. ಒಂದು ಕಡೆ ಅರ್ಧ ಕತ್ತರಿಸಿಯೇ ಹೋಗಿದೆ. 1.6 ಮಾಡಿಸಿ. ಅಕ್ಷರಗಳ ನಡುವೆ ಅಲಂಕಾರಕ್ಕೆ ಬಿಟ್ಟಿರುವ ಜಾಗವನ್ನೂ ಸೊನ್ನೆ ಮಾಡಿಸಿ, ಕನ್ನಡದಲ್ಲಿ ಅದು ಪದವನ್ನು ಬಿಡಿ ಬಿಡಿ ಮಾಡುತ್ತದೆ. ನೋಟೊ ಸಾನ್ಸ್ ಕನ್ನಡ ಅನ್ನುವ ಫಾಂಟ್ ಉಚಿತವಾಗಿ ಸಿಗುತ್ತದೆ, ಓದಲು ಹಿತ.

ಹೆಸರುಗಳನ್ನು ಕನ್ನಡದಲ್ಲೂ ಇಂಗ್ಲಿಷ್ ಅಕ್ಷರದಲ್ಲೂ ಎರಡೂ ಕಡೆ ಬರೆಯಿರಿ. ನಮ್ಮ ಮನೆಯಲ್ಲೇ ನಾನು ಹುಳಿಪುಡಿ ಅಂತ ಕನ್ನಡದಲ್ಲಿ ಹುಡುಕುತ್ತೇನೆ, ಮಗಳು ಅದನ್ನೇ ಇಂಗ್ಲಿಷ್ ಅಕ್ಷರದಲ್ಲಿ ಹೊಡೆಯುತ್ತಾಳೆ, ಸೊಸೆ ಸಾಂಬಾರ್ ಪೌಡರ್ ಅನ್ನುತ್ತಾಳೆ.

ಪೀಣ್ಯ_ಎರಡನೇ_ಹಂತ

ಮೇಲಿನವರು ಕಾಣುವ ತಪ್ಪು ಹೇಳಿದ್ದಾರೆ. ಕಾಣದ ಎರಡು ತಪ್ಪು ನಾನು ಅನುಭವಿಸಿದ್ದೇನೆ. ನಮ್ಮದು ಸಣ್ಣ ಸಿಎನ್‌ಸಿ ಜಾಬ್‌ವರ್ಕ್ ಶೆಡ್, ಕಂಪ್ಯೂಟರ್ ನಡೆಸುವ ಯಂತ್ರದಲ್ಲಿ ಬೇರೆ ಕಂಪನಿಗಳಿಗೆ ಬಿಡಿಭಾಗ ಮಾಡಿಕೊಡುತ್ತೇವೆ.

ಸೈಟ್‌ನಲ್ಲಿ ವಿಚಾರಣೆ ಫಾರ್ಮ್ ಇತ್ತು. ತುಂಬಿದರೆ "ಧನ್ಯವಾದ, ಬೇಗ ಸಂಪರ್ಕಿಸುತ್ತೇವೆ" ಅಂತ ಬರುತ್ತಿತ್ತು. ಏಳು ತಿಂಗಳು ಒಂದೂ ವಿಚಾರಣೆ ಬರಲಿಲ್ಲ. ಮಾರ್ಕೆಟ್ ಡಲ್ ಅಂದುಕೊಂಡೆ. ಆಮೇಲೆ ಕೊಯಮತ್ತೂರಿನಿಂದ ಒಬ್ಬರು ಫೋನ್ ಮಾಡಿ, ಮೂರು ಸಲ ಫಾರ್ಮ್ ತುಂಬಿದೆ, ನೀವು ಉತ್ತರ ಕೊಡಲಿಲ್ಲ, ಕೆಲಸ ಬೇರೆಯವರಿಗೆ ಕೊಟ್ಟೆ ಅಂದರು. ನೋಡಿದರೆ ಫಾರ್ಮ್‌ನ ಮೇಲ್ ಎಲ್ಲ ಕೆಲಸ ಬಿಟ್ಟು ಹೋದ ಹುಡುಗನ ಮೇಲ್‌ಬಾಕ್ಸ್‌ಗೆ ಹೋಗುತ್ತಿತ್ತು. ಒಟ್ಟು 23 ವಿಚಾರಣೆ. ಕೂತು ಒಂದೊಂದನ್ನೂ ಓದಿದೆ. ಆ ರಾತ್ರಿ ನಿದ್ದೆ ಬರಲಿಲ್ಲ. ಈಗ ತಿಂಗಳ ಮೊದಲ ಸೋಮವಾರ ನಾನೇ ಫಾರ್ಮ್ ತುಂಬಿ, ಬರುತ್ತಾ ಅಂತ ನೋಡುತ್ತೇನೆ.

ಎರಡನೇದು ಡೊಮೇನ್, ಅಂದರೆ ಸೈಟ್‌ನ ವಿಳಾಸದ ಹೆಸರು. ಸೈಟ್ ಮಾಡಿದವರು ಅವರ ಹೆಸರಲ್ಲೇ, ಅವರ ಅಕೌಂಟ್‌ನಲ್ಲೇ ತೆಗೆದಿದ್ದರು. ರಿನ್ಯೂವಲ್ ನೆನಪೋಲೆ ಅವರಿಗೆ ಹೋಗುತ್ತಿತ್ತು, ಓಟಿಪಿಯೂ ಅವರ ಮೊಬೈಲ್‌ಗೆ. ಅವರು ನಂಬರ್ ಬದಲಾಯಿಸಿದರು. ಒಂದು ಸೋಮವಾರ ಬೆಳಿಗ್ಗೆ ಸೈಟ್ ಇಲ್ಲ, ಅದೇ ಹೆಸರಿನ ಮೇಲ್ ಕೂಡ ಇಲ್ಲ. ಪರ್ಚೇಸ್ ಆರ್ಡರ್‌ಗಳೆಲ್ಲ ಅದಕ್ಕೇ ಬರುತ್ತಿದ್ದವು. ಹೆಸರು ವಾಪಸ್ ಸಿಗಲು ಎರಡು ತಿಂಗಳು ಓಡಾಡಿದೆ. ತಂಗಿ, ನಿಮ್ಮ ಡೊಮೇನ್ ಯಾರ ಹೆಸರಲ್ಲಿದೆ ಅಂತ ಇವತ್ತೇ ಕೇಳಿ. ಡಾಟ್ ಇನ್ ಹೆಸರಿಗೆ ಸಾಮಾನ್ಯವಾಗಿ ವರ್ಷಕ್ಕೆ ಸಾವಿರ ರೂಪಾಯಿ ಒಳಗೇ ಖರ್ಚು. ಅಷ್ಟಕ್ಕಾಗಿ 35 ವರ್ಷದ ಅಂಗಡಿ ಹೆಸರು ಬೇರೆಯವರ ಕೈಯಲ್ಲಿ ಇರಬಾರದು.

ಸೈಟ್‌ನ ಸುರಕ್ಷತೆಯ ವಿಷಯ ಕೂಡ ನೋಡಿಕೊಳ್ಳಿ. ನೋಡುವವರಿಗೂ ಸೈಟ್‌ಗೂ ನಡುವಿನ ಮಾಹಿತಿ ಬೇರೆಯವರು ಓದದ ಹಾಗೆ ಕಳಿಸುವ ವ್ಯವಸ್ಥೆಗೆ ಎಚ್‌ಟಿಟಿಪಿಎಸ್ ಅನ್ನುತ್ತಾರೆ. 2018ರ ಜುಲೈನಿಂದ ಕ್ರೋಮ್, ಎಚ್‌ಟಿಟಿಪಿಎಸ್ ಇಲ್ಲದ ಸೈಟ್‌ಗಳಿಗೆಲ್ಲ "ನಾಟ್ ಸೆಕ್ಯೂರ್" ಅಂತ ತೋರಿಸುತ್ತದೆ. ಅದಕ್ಕೆ ಬೇಕಾದ ಸರ್ಟಿಫಿಕೇಟ್ ಲೆಟ್ಸ್ ಎನ್‌ಕ್ರಿಪ್ಟ್ ಅನ್ನುವ ಸಂಸ್ಥೆಯಿಂದ ಉಚಿತ. ಅದಕ್ಕೆ ವರ್ಷಕ್ಕೆ ಇಷ್ಟು ಸಾವಿರ ಅಂತ ಯಾರಾದರೂ ಕೇಳಿದರೆ ಯಾಕೆ ಅಂತ ಕೇಳಿ.

ಗಾಡಿ_ಮೇಲಿನ_ಇಡ್ಲಿ

ಒಂದು ಪ್ರಶ್ನೆ. ಇಷ್ಟೆಲ್ಲ ತಲೆನೋವು ಯಾಕೆ? ನಮ್ಮದು ಇನ್‌ಸ್ಟಾಗ್ರಾಮ್, ವಾಟ್ಸ್ಆಪ್, ಗೂಗಲ್ ಮ್ಯಾಪ್ ಮೂರೇ. ಚೆನ್ನಾಗೇ ನಡೀತಿದೆ. ಚಿಕ್ಕ ಅಂಗಡಿಗೆ ಸೈಟ್ ಬೇಕೇ ಬೇಕಾ?

ಪುಟ_ಕಟ್ಟುವವಳು

ಇಡ್ಲಿ ಗಾಡಿಗೆ ಬೇಡ ಸರ್, ನಿಮ್ಮ ದಾರಿ ಸರಿ ಇದೆ. ಬಿಸಿ ಇಡ್ಲಿ ತಿನ್ನುವವರು ಅಲ್ಲೇ ಸುತ್ತಮುತ್ತ ಇರುತ್ತಾರೆ. ಇವರ ಪುಡಿ ಡಬ್ಬಿಯಲ್ಲಿ ಕೂತು ಹುಬ್ಬಳ್ಳಿಗೂ ಹೋಗುತ್ತದೆ, ಮಗ ಸೊಸೆ ಇರುವ ದೇಶಕ್ಕೂ ಹೋಗುತ್ತದೆ. ಬೆಲೆಪಟ್ಟಿ, ಎಷ್ಟು ದಿನ ಇರುತ್ತದೆ, ಹೇಗೆ ಕಳಿಸುತ್ತಾರೆ ಅನ್ನುವುದಕ್ಕೆ ಒಂದು ಸ್ವಂತ ಜಾಗ ಬೇಕು. ಗೂಗಲ್ ಮ್ಯಾಪ್‌ನಲ್ಲಿ ಅಂಗಡಿಯ ವಿವರ ತೋರಿಸುವ ಗೂಗಲ್ ಬಿಸಿನೆಸ್ ಪ್ರೊಫೈಲ್ ಜೊತೆ ಉಚಿತ ಸೈಟ್ ಕೊಡುತ್ತಿದ್ದರು, ನೆನಪಿದೆಯಾ? 2024ರ ಮಾರ್ಚ್‌ನಲ್ಲಿ ನಿಲ್ಲಿಸಿದರು. ಅದನ್ನೇ ವಿಸಿಟಿಂಗ್ ಕಾರ್ಡ್ ಮೇಲೆ ಅಚ್ಚು ಹಾಕಿಸಿದ್ದ ಮೂರು ಅಂಗಡಿಯವರು ನನ್ನ ಹತ್ತಿರ ಬಂದರು. ಪ್ರೊಫೈಲ್ ಮಾತ್ರ ಈಗಲೂ ಇದೆ, ಅದು ಬೇಕೇ ಬೇಕು. ಹಬ್ಬದ ದಿನಗಳಿಗೆ ಬೇರೆ ಸಮಯ ಹಾಕುವ ಜಾಗವೂ ಅದರಲ್ಲಿದೆ.

ಶ್ರೀನಗರದ_ಕುರುಕಲು

ಹತ್ತು ದಿನ ಆದ ಮೇಲೆ ಬರೆಯುತ್ತಿದ್ದೇನೆ. ಎಲ್ಲರಿಗೂ ಹೇಗೆ ಥ್ಯಾಂಕ್ಸ್ ಹೇಳಬೇಕೋ ಗೊತ್ತಾಗುತ್ತಿಲ್ಲ.

ಅಕ್ಕಾ, ನೋಟ್‌ಬುಕ್ ಇಟ್ಟೆ. ಒಂದು ವಾರದಲ್ಲಿ 187 ಫೋನ್. ಬೆಲೆ ಕೇಳಿದ್ದು 61. ತೆಗೆದಿರುತ್ತಾ, ರಜ ಯಾವತ್ತು ಅಂತ 48. ದಾರಿ ಕೇಳಿದ್ದು 37. ಎಷ್ಟು ದಿನ ಕೆಡದೆ ಇರುತ್ತೆ ಅಂತ 22. ಹೊರ ಊರಿಗೆ, ಹೊರ ದೇಶಕ್ಕೆ ಕಳಿಸ್ತೀರಾ ಅಂತ 19. ಅಂಗಡಿಯ ಕಥೆ ಏನು ಅಂತ ಒಬ್ಬರೂ ಕೇಳಲಿಲ್ಲ. ಮುಖಪುಟದಲ್ಲಿ ಮುಕ್ಕಾಲು ಭಾಗ ಇದ್ದದ್ದು ಅದೇ.

ಆ ಟಿಕ್ ಇತ್ತು ಅಕ್ಕಾ. ನೀವು ಹೇಳಿದ ಜಾಗದಲ್ಲೇ. ತೆಗೆದೆ. ನಾಲ್ಕು ದಿನಕ್ಕೆ ಹೆಸರು ಹಾಕಿದರೆ ಬರಲು ಶುರುವಾಯಿತು. ಅಪ್ಪನಿಗೆ ಹೇಳಿದಾಗ ಸ್ವಲ್ಪ ಹೊತ್ತು ಮಾತಾಡಲಿಲ್ಲ. "ಅಂಗಡಿ ತೆಗೆದು ಶಟರ್ ಎತ್ತೋದು ಮರೆತ ಹಾಗೆ ಆಯ್ತಲ್ಲಮ್ಮಾ" ಅಂದರು.

ಡೊಮೇನ್ ಕೂಡ ಅವರ ಹೆಸರಲ್ಲೇ ಇತ್ತು ಅಣ್ಣಾ. ಕೇಳಿದ ತಕ್ಷಣ ವರ್ಗಾಯಿಸಿಕೊಟ್ಟರು, ತಕರಾರು ಮಾಡಲಿಲ್ಲ. ಸುಲ್ತಾನ್‌ಪೇಟೆ ಸರ್ ಅಪ್ಪನ ಬರಹವನ್ನು ಯೂನಿಕೋಡ್ ಮಾಡಿ ಕಳಿಸಿದರು. ಒಂದು ಡಬ್ಬ ಕೋಡುಬಳೆ ನಿಮ್ಮ ಅಂಗಡಿಗೆ ಕೊಟ್ಟು ಬರುತ್ತೇನೆ ಸರ್, ಬೇಡ ಅನ್ನಬೇಡಿ.

ಈಗ ಮುಖಪುಟದ ತಲೆಯಲ್ಲಿ ನಾಲ್ಕು ಸಾಲು ಇದೆ. ಬೆಳಿಗ್ಗೆ 9ರಿಂದ ರಾತ್ರಿ 8.30, ಸೋಮವಾರ ರಜ. ಬಸ್‌ಸ್ಟಾಂಡ್‌ನಿಂದ ಬರುವ ದಾರಿ ಮತ್ತು ಮ್ಯಾಪ್. ಫೋನ್, ವಾಟ್ಸ್ಆಪ್. ಕೆಳಗೆ ಬೆಲೆಪಟ್ಟಿ. ಪಕ್ಕದ ಮನೆ ಆಂಟಿಗೆ ಕೊಟ್ಟು "ಸಾರಿನಪುಡಿ ಅರ್ಧ ಕೆಜಿ ಎಷ್ಟು ನೋಡಿ" ಅಂದೆ. ಏನೂ ಹೇಳಿಕೊಡದೆ ಸುಮ್ನೆ ಪಕ್ಕದಲ್ಲಿ ನಿಂತೆ. ಹೆಬ್ಬೆರಳಿನಿಂದ ಎರಡು ಸಲ ಮೇಲೆ ತಳ್ಳಿದರು, ಬೆಲೆ ಹೇಳಿದರು. ಆಮೇಲೆ ಅವರೇ ವಾಟ್ಸ್ಆಪ್ ಗುಂಡಿ ಒತ್ತಿ, "ಹಾಗಾದ್ರೆ ಇದಕ್ಕೆ ಕಳಿಸಿದ್ರೆ ತಂದ್ಕೊಡ್ತೀರಾ?" ಅಂತ ಕೇಳಿದರು. ಈ ವಾರ ವಾಟ್ಸ್ಆಪ್‌ನಲ್ಲಿ 31 ಆರ್ಡರ್ ಬಂದಿವೆ. ಯುಪಿಐನಲ್ಲಿ ದುಡ್ಡು ಹಾಕುತ್ತಾರೆ, ನಾವು ಕಟ್ಟಿಡುತ್ತೇವೆ. ಫೋನ್ ಕಡಿಮೆಯಾಗಿದೆ. ನಿನ್ನೆ 14 ಬಂತು.

ಇನ್ನೆರಡು ಅನುಮಾನ. ಎಷ್ಟು ದಿನ ಇರುತ್ತೆ ಅನ್ನುವುದನ್ನು ಪ್ರತಿ ತಿಂಡಿಗೂ ಬರೆಯಬೇಕಾ? ಮತ್ತೆ, ಸಂಡಿಗೆ ಈಗ ಇಲ್ಲ. ಮಳೆಗಾಲದಲ್ಲಿ ಒಣಗಿಸಲು ಆಗುವುದಿಲ್ಲ. ಸೈಟ್‌ನಿಂದ ತೆಗೆದುಬಿಡಲಾ? ಇಲ್ಲದ್ದನ್ನು ತೋರಿಸಿದರೆ ತಪ್ಪಲ್ವಾ?

ಪುಟ_ಕಟ್ಟುವವಳು

ಓದಿ ತುಂಬಾ ಖುಷಿಯಾಯಿತು. ಆಂಟಿಯ ಪಕ್ಕ ಸುಮ್ಮನೆ ನಿಂತಿರಲ್ಲ, ಅದೇ ಕಷ್ಟದ ಕೆಲಸ. ಎಷ್ಟೋ ಸಲ ನನ್ನ ಕೈ ತಾನೇ ಮುಂದೆ ಹೋಗಿ "ಇಲ್ಲಿ ಒತ್ತಿ" ಅಂದುಬಿಡುತ್ತದೆ.

ಪ್ರತಿ ತಿಂಡಿಗೂ ಬರೆಯಿರಿ. ಚಕ್ಕುಲಿಗೂ ಹುಳಿಪುಡಿಗೂ ಒಂದೇ ಲೆಕ್ಕ ಅಲ್ಲವಲ್ಲ. ಅಮ್ಮನನ್ನೇ ಕೇಳಿ, ಪ್ಯಾಕೆಟ್ ಮೇಲೆ ಏನಿದೆಯೋ ಅದೇ ಸೈಟ್‌ನಲ್ಲೂ ಇರಲಿ, ಎರಡು ಬೇರೆ ಬೇರೆ ಆಗಬಾರದು. ಆಹಾರ ಸುರಕ್ಷತಾ ಪ್ರಾಧಿಕಾರ ಕೊಡುವ ನಿಮ್ಮ 14 ಅಂಕಿಯ ಎಫ್‌ಎಸ್‌ಎಸ್‌ಎಐ ನಂಬರನ್ನೂ ಕೆಳಗೆ ಹಾಕಿ. ಹೊರ ಊರಿನಿಂದ ಮೊದಲ ಸಲ ತರಿಸುವವರು ಅದನ್ನು ನೋಡುತ್ತಾರೆ.

ಸಂಡಿಗೆ ತೆಗೆಯಬೇಡಿ. ಪುಟ ಹಾಗೇ ಇರಲಿ, ಆರ್ಡರ್ ಗುಂಡಿ ಮಾತ್ರ ತೆಗೆಯಿರಿ. ಅದರ ಜಾಗದಲ್ಲಿ "ಈಗ ಬಿಸಿಲಿಲ್ಲ. ಸಂಕ್ರಾಂತಿ ಕಳೆದ ಮೇಲೆ ಮಾಡುತ್ತೇವೆ. ಬೇಕಾದವರು ವಾಟ್ಸ್ಆಪ್‌ನಲ್ಲಿ ಹೆಸರು ಬರೆಸಿ" ಅಂತ ಹಾಕಿ. ಯಾವ ಸಂಡಿಗೆ ಅಂತಲೂ ಬರೆಸಿಕೊಳ್ಳಿ. ಅರಳು ಸಂಡಿಗೆ ಮಾಡುತ್ತೀರಾದರೆ ನನ್ನ ಹೆಸರು ಮೊದಲು ಇರಲಿ, ಅರ್ಧ ಕೆಜಿ.